ಚೀಟಿ ಕೇಳುವ ಲೋಡ್ ಬ್ಯಾಲೆನ್ಸರ್ ಅವರಿಗೆ, ದೇವದುರ್ಗದಿಂದ

ಹಾಸ್ಟೆಲ್ ಅರ್ಜಿಯ ಜಾಲತಾಣದ ಬಾಗಿಲು ಕಾಯುವ ಲೋಡ್ ಬ್ಯಾಲೆನ್ಸರ್ ಮಹಾಶಯರ ಸನ್ನಿಧಿಗೆ, ದೇವದುರ್ಗ ಬಸ್ ನಿಲ್ದಾಣದೆದುರಿನ ಆನ್‌ಲೈನ್ ಕೇಂದ್ರದ ಬೆಂಚಿನಿಂದ ನಮಸ್ಕಾರಗಳು.

ಮಾನ್ಯರೇ,

ಬಂದವರನ್ನೆಲ್ಲ ಒಳಗಿನ ಸರ್ವರ್‌ಗಳಿಗೆ ಸಮನಾಗಿ ಹಂಚಿ, ಯಾವುದಕ್ಕೂ ಹೊರೆಯಾಗದಂತೆ ನೋಡಿಕೊಳ್ಳುವ ತಮ್ಮ ಕಾಳಜಿ ಜಾಲಹಳ್ಳಿ ಬಸ್ಸಿಗೂ ಸಿಕ್ಕಿದ್ದರೆ ನಾವು ನಿನ್ನೆ ಕೂತು ಬರುತ್ತಿದ್ದೆವು.

ನನ್ನ ಅಕ್ಕನ ಮಗಳು ಮೌನೇಶ್ವರಿಗೆ ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮನೆ. ಅರ್ಜಿಗೆ ನಿನ್ನೆಯೇ ಕೊನೆ. ಅಂಕಪಟ್ಟಿ, ಫೋಟೊ ಏರಿಸಿ ಮುಂದಿನ ಪುಟ ಒತ್ತಿದರೆ ‘ಮೊದಲು ಲಾಗಿನ್ ಆಗಿ’ ಎಂಬ ಉತ್ತರ. ಮತ್ತೆ ಏರಿಸಿದೆವು, ಮತ್ತೆ ಅದೇ. “ಈಗ ಮಾತಾಡ್ಸಿತ್ತು, ಈಗ ನೀವ್ಯಾರು ಅಂತದಲ್ಲ ಯವ್ವಾ ಇದು. ಇದಕ್ಕಿಂತ ನಮ್ಮ ಬೀಗರೇ ಪಾಡ,” ಎಂದು ಅವಳ ತಂದೆ ಗದ್ದೆಪ್ಪ ಕೇಂದ್ರ ನಡೆಸುವ ಆತಿಯಾ ಅವರಿಗೆ ದೂರಿದರು.

ಶಕ್ತಿನಗರದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಗೆಳೆಯ ಗೌತಮ ಫೋನಿನಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದ. ಅರ್ಜಿಯ ತಂತ್ರಾಂಶ ಬಂದವರಿಗೆ ಕುಕಿ ಎಂಬ ಗುರುತಿನ ಚೀಟಿ ಕೊಡುತ್ತದಂತೆ. ಅದರ ಜೊತೆಗೆ ತಾವು, ಇವರು ಇಂಥ ಸರ್ವರಿನವರು ಎಂಬ ತಮ್ಮ ಚೀಟಿಯನ್ನೂ ಸೇರಿಸುತ್ತೀರಂತೆ. ತಂತ್ರಾಂಶದ ಚೀಟಿ ಇರುವವರೆಗೆ ಅದೇ ಸರ್ವರ್. ಅದು ಕಳೆದರೆ ಪರಿಚಯವೂ ಮುಗಿಯಿತು, ಸಿಕ್ಕ ಕಡೆಗೆ ರವಾನೆ. ಹೀಗೆ ಅಂಕಪಟ್ಟಿ ಒಂದು ಸರ್ವರಿನಲ್ಲಿ, ಮೌನೇಶ್ವರಿ ಇನ್ನೊಂದರಲ್ಲಿ.

ಚೀಟಿ ಕಳೆಯುತ್ತಿದ್ದುದು ಹೇಗೆಂದರೆ, ಪುಟ ತುಸು ತಡವಾದರೂ ಬ್ರೌಸರಿನಲ್ಲಿ ಇದ್ದುದನ್ನೆಲ್ಲ ಅಳಿಸಿಬಿಡುವುದು ನಮ್ಮ ಕಡೆಯ ಕೇಂದ್ರಗಳ ರೂಢಿ. “ಕಸ ಹೊಡದರ ಮಶೀನ್ ಹಗೂರ ಆಗ್ತದ ಅಂತ ತಿಳಿದಿದ್ನಿರೀ, ಚೀಟಿನೂ ಕಸದಾಗ ಹೋಗ್ತದಂತ ಯಾರಿಗ್ಗೊತ್ತು,” ಎಂದರು ಆತಿಯಾ. “ಇನ್ನ ಕೈ ಹಚ್ಚಬ್ಯಾಡ ಅಕ್ಕಾ,” ಎಂದು ಮೌನೇಶ್ವರಿ ಮೌಸನ್ನೇ ತನ್ನ ಮಡಿಲಿಗೆ ಎಳೆದುಕೊಂಡಳು. ಮತ್ತೆ ಲಾಗಿನ್ ಆಗಿ ಎಲ್ಲವನ್ನೂ ಏರಿಸಿದೆವು. ಪುಟದ ಚಕ್ರ ತಿರುಗುತ್ತಲೇ ಇತ್ತು, ಯಾರೂ ಮುಟ್ಟಲಿಲ್ಲ. ಕೇಂದ್ರದ ಬಾಗಿಲು ಹಾಕುವ ಹೊತ್ತಿಗೆ ‘ಅರ್ಜಿ ಸ್ವೀಕರಿಸಲಾಗಿದೆ’ ಎಂದು ಬಂತು.

ಆದ್ದರಿಂದ ವಿನಂತಿ ಏನೆಂದರೆ, ತಾವು ಒಮ್ಮೆ ಮಾನ್ವಿಗೆ ಬಂದು, ಚಹಾದಂಗಡಿಯ ಸೂಗಪ್ಪನವರ ಬಳಿ ತರಬೇತಿ ಪಡೆಯಬೇಕು. ಅವರು ಚೀಟಿ ಕೇಳದೆ ಮುಖ ನೋಡಿಯೇ “ಸಕ್ರಿ ಕಡಿಮಿ ಅಲ್ಲೇನ್ರಿ” ಎನ್ನುತ್ತಾರೆ. ಅದಾಗದಿದ್ದರೆ, ತಮ್ಮ ಸರ್ವರ್‌ಗಳು ಒಂದರ ಕಡತವನ್ನು ಇನ್ನೊಂದು ನೋಡುವಷ್ಟಾದರೂ ತಮ್ಮತಮ್ಮಲ್ಲಿ ಮಾತುಕತೆ ಇಟ್ಟುಕೊಳ್ಳಲಿ. ಇದು ಸಾಧ್ಯವಿದೆ ಎಂದು ಗೌತಮ ಹೇಳಿದ ಮೇಲೆಯೇ ನನಗೆ ಹೆಚ್ಚು ಬೇಸರವಾಯಿತು.

ಚೀಟಿ ಇರುವತನಕ ತಮ್ಮ ವಿಶ್ವಾಸಿ,
ಅಂಬರೇಶ, ಕಲ್ಲೂರು

ವಿ.ಸೂ.: ಮೌನೇಶ್ವರಿ ನರ್ಸ್ ಆದ ಮೇಲೆ ತಾವು ಜ್ವರ ಬಂದು ಅವಳ ವಾರ್ಡಿಗೆ ಸೇರಿದರೆ ಭಯಪಡಬೇಡಿ. ತಾವು ಹೊರಗೆ ಹೋಗಿ ಬಂದರೂ ಅವಳು ಅದೇ ಮಂಚ ಕೊಡುತ್ತಾಳೆ, ನೀವು ಯಾರೆಂದು ಕೇಳುವುದಿಲ್ಲ.