ಮಿಕ್ಸಿ ಪಾಯಿಂಟು ಗೋಡೆಯೊಳಗೆ ಮಾಯವಾದದ್ದು

"ಈ ಮನೆ ವೈರಿಂಗಿನಲ್ಲಿ ತಪ್ಪು ಹುಡುಕೋ ಗಂಡಸು ಇನ್ನೂ ಹುಟ್ಟಿಲ್ಲ" ಎಂದು ಟೆಸ್ಟರ್ ತನ್ನ ಹೊಸ ಮನೆಯ ಹಸಿ ಗೋಡೆಗಳ ನಡುವೆ ನಿಂತು ಘೋಷಿಸಿದ. ಕೇಳಿಸಿಕೊಂಡವರು ಇಬ್ಬರು: ಗಾರೆ ಕಲಸುತ್ತಿದ್ದ ಮೇಸ್ತ್ರಿ ಮತ್ತು ಟೆಸ್ಟರನ ಹೆಂಡತಿ. ಗಂಡಸು ಹುಟ್ಟಿಲ್ಲದಿರಬಹುದು, ಹೆಂಗಸು ಹುಟ್ಟಿ ಎದುರಿಗೇ ನಿಂತಿದ್ದಾಳಲ್ಲ ಎಂಬುದು ಆ ಮಹಾಶಯನಿಗೆ ಹೊಳೆಯಲಿಲ್ಲ.

ಟೆಸ್ಟರ್ ಎಂಬುದು ಕಟ್ಟಡದ ಕೆಲಸದವರು ಈ ಎಲೆಕ್ಟ್ರಿಷಿಯನ್ನಿಗೆ ಇಟ್ಟ ಹೆಸರು. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವನದು ಟೆಸ್ಟರು. ಯಾರ ಮನೆಗೆ ಹೋದರೂ ಮೊದಲು ಅವರ ಸ್ವಿಚ್ ಬೋರ್ಡಿಗೆ ಅದನ್ನು ಚುಚ್ಚಿ, ಮೂಗು ಮುರಿದು, "ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದ ಮೇಲೆಯೇ ಕುರ್ಚಿ ಎಳೆದುಕೊಳ್ಳುವುದು. ಪ್ಲಂಬರ್ ಎಂದರೆ ನೀರು ಸೋರಿಸುವವನು, ಬಡಗಿ ಎಂದರೆ ಮರ ಹಾಳು ಮಾಡುವವನು, ಮೇಸ್ತ್ರಿಯಂತೂ ಇವನು ಅಂದವಾಗಿ ಮಾಡಿದ್ದರ ಮೇಲೆ ಗಾರೆ ಮೆತ್ತಲು ಹುಟ್ಟಿದವನು. ಭೂಮಿಯ ಮೇಲೆ ನೆಟ್ಟಗಿರುವ ಕೆಲಸ ತನ್ನದೊಂದೇ ಎಂದು ಅವನ ನಂಬಿಕೆ.

ಆದರೆ ಈ ಮಹಾನುಭಾವನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಪ್ಲಗ್ಗು ಸುಟ್ಟು ಕಪ್ಪಾಗಿ ವರ್ಷಗಳೇ ಉರುಳಿದ್ದವು. "ನಾಳೆ ಹಾಕ್ತೀನಿ ಬಿಡೇ" ಅಂದವನು ಊರಿನವರಿಗೆಲ್ಲ ಪ್ಲಗ್ಗು ಹಾಕಿ ಬಂದ, ಅದೊಂದನ್ನು ಬಿಟ್ಟು. ಪಾಪ, ಮಿಕ್ಸಿ ತಾನೇ ಎಷ್ಟು ದಿನ ಕಾಯುತ್ತದೆ? ಅದು ಮಲಗುವ ಕೋಣೆಗೆ ವಲಸೆ ಹೋಗಿ ಮಂಚದ ತಲೆಕಡೆ ಸ್ಟೂಲಿನ ಮೇಲೆ ಠಿಕಾಣಿ ಹೂಡಿತು. ಹೆಂಡತಿ ಜಾರು ಹಿಡಿದುಕೊಂಡು ಒಲೆಯಿಂದ ಮಂಚಕ್ಕೆ, ಮಂಚದಿಂದ ಒಲೆಗೆ ಓಡಾಡಿದ್ದೇ ಓಡಾಡಿದ್ದು. ಹಾಸಿಗೆಯ ಮೇಲೆ ಒಂದು ಹನಿ ಚೆಲ್ಲಿದರೂ ಬೈಸಿಕೊಳ್ಳುವವಳು ಅವಳೇ. ಹಾಗಾಗಿ ಹೊಸ ಮನೆ ಎಂದಾಗ ಅವಳು ಕೇಳಿದ್ದು ಒಂದೇ ಒಂದು.

"ರೀ, ನನಗೆ ಬೇರೇನೂ ಬೇಡ. ಒಲೆ ಪಕ್ಕದಲ್ಲಿ ಮಿಕ್ಸಿಗೊಂದು ಪಾಯಿಂಟು. ಅದಿಲ್ಲ ಅಂದ್ರೆ ಆ ಮನೇಲಿ ನಾನು ಒಲೆ ಹಚ್ಚಲ್ಲ, ಈಗ್ಲೇ ಹೇಳಿದ್ದೀನಿ."

"ಮಿಕ್ಸಿ ಜಾಗ ನನಗೆ ಗೊತ್ತಿಲ್ವಾ? ಕಣ್ಮುಚ್ಕೊಂಡು ಹಾಕ್ತೀನಿ, ನೋಡ್ತಿರು."

ಟೆಸ್ಟರ್ ಗೋಡೆ ಕೊರೆದು ಪೈಪು ಹೂತ. ಸ್ವಿಚ್ಚು, ಪ್ಲಗ್ಗು ಬರಬೇಕಾದ ಕಡೆಯೆಲ್ಲ ಕಬ್ಬಿಣದ ಡಬ್ಬಿ ಕೂರಿಸಿ, ಒಳಗೆ ಸಿಮೆಂಟು ನುಗ್ಗದಂತೆ ಬಾಯಿಗೆ ಪೇಪರು ತುರುಕಿದ. ಕೆಲಸವೇನೋ ಅಚ್ಚುಕಟ್ಟಾಗಿಯೇ ಇತ್ತು, ಸುಳ್ಳು ಹೇಳಬಾರದು.

"ಅಣ್ಣ, ಡಬ್ಬಿ ನೇರಕ್ಕೆ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಬಿಡಿ. ಗಾರೆ ಮುಚ್ಕೊಂಡ್ಮೇಲೆ ಹುಡುಕೋದು ಕಷ್ಟ" ಎಂದ ಮೇಸ್ತ್ರಿ.

"ಸೀಮೆಸುಣ್ಣ ಮರೆಗುಳಿಗಳಿಗೆ ಕಣಯ್ಯ. ನೀನು ಸುಮ್ನೆ ಬಳ್ಕೊಂಡು ಹೋಗು. ನಾನು ತಟ್ಟಿದ್ರೆ ಡಬ್ಬಿ ತಾನಾಗೇ ಮಾತಾಡುತ್ತೆ."

ಮೇಸ್ತ್ರಿ ಬಳಿದ. ಆಮೇಲೆ ಅಡುಗೆಮನೆಗೆ ಟೈಲ್ಸು ಬಂತು. ಹೆಂಡತಿ ಅಂಗಡಿ ಅಂಗಡಿ ಅಲೆದು, ಕಾಲು ನೋಯಿಸಿಕೊಂಡು ಆರಿಸಿದ ತಿಳಿಹಸಿರು ಟೈಲ್ಸು. ಗಾರೆ ಕೆರೆದು ಡಬ್ಬಿಗಳನ್ನು ಬಿಡಿಸಿದ ಮೇಲೆ ಅಂಟಿಸೋಣ ಎಂದು ಮೇಸ್ತ್ರಿ ಫೋನು ಮಾಡಿದರೆ, ಬೇರೆ ಕಟ್ಟಡದಲ್ಲಿದ್ದ ಟೆಸ್ಟರ್, "ಅಂಟಿಸಯ್ಯ, ಟೈಲ್ಸ್ ಮೇಲೆ ತಟ್ಟಿದ್ರೆ ಇನ್ನೂ ಚೆನ್ನಾಗಿ ಕೇಳುತ್ತೆ" ಎಂದು ಫೋನಿಟ್ಟ.

ತಟ್ಟುವ ದಿನ ಬಂತು. ಟೆಸ್ಟರಿನ ಹಿಡಿಯಿಂದ ಹಜಾರದ ಗೋಡೆಯನ್ನು ತಟ್ಟಿದ, ಡಬ್ಬಿ ಸಿಕ್ಕಿತು. ಬಾಗಿಲ ಪಕ್ಕ ತಟ್ಟಿದ, ಅದೂ ಸಿಕ್ಕಿತು. ಒಂದೊಂದು ಸಿಕ್ಕಾಗಲೂ ಕೋಟೆ ಗೆದ್ದವನಂತೆ ಮೇಸ್ತ್ರಿಯ ಕಡೆ ತಿರುಗಿ ನೋಡುತ್ತಿದ್ದ. ಕೊನೆಗೆ ಅಡುಗೆಮನೆ. ಲೈಟಿನದು ಸಿಕ್ಕಿತು, ಫ್ರಿಜ್ಜಿನದು ಸಿಕ್ಕಿತು. ಒಲೆಯ ಪಕ್ಕ ತಟ್ಟಿದರೆ ಗೋಡೆ ತುಟಿ ಪಿಟಕ್ಕೆನ್ನಲಿಲ್ಲ.

"ಇಲ್ಲೇ ಇದೆ" ಎಂದು ಒಂದು ಟೈಲ್ಸು ಒಡೆದ. ಇಟ್ಟಿಗೆ ಕಂಡಿತು. "ಚೂರು ಈಚೆಗೆ" ಎಂದು ಪಕ್ಕದ್ದು ಒಡೆದ. ಅಲ್ಲೂ ಇಟ್ಟಿಗೆ. "ಕೆಳಗಿರಬೇಕು" ಎಂದು ಕೆಳಗಿನದೂ ಹೋಯಿತು. ಸದ್ದು ಕೇಳಿ ಹೆಂಡತಿ ಓಡಿ ಬಂದಳು.

"ಏನ್ರೀ ಇದು? ಪಾಯಿಂಟು ಹಾಕ್ತಿದ್ದೀರೋ, ಬಾವಿ ತೋಡ್ತಿದ್ದೀರೋ?"

"ಎಲ್ಲಾ ಈ ಮೇಸ್ತ್ರಿ ಘನಂದಾರಿ ಕೆಲಸ. ಡಬ್ಬೀನ ಗಾರೇಲಿ ಮುಳುಗಿಸಿಬಿಟ್ಟಿದ್ದಾನೆ."

"ಡಬ್ಬಿ ಅಂತ ಇದ್ರೆ ತಾನೇ ಅಣ್ಣ ಮುಳುಗೋದು" ಎಂದ ಮೇಸ್ತ್ರಿ. "ಪೈಪಿನೊಳಗೆ ಸ್ಪ್ರಿಂಗು ತೂರಿಸಿ ನೋಡಿ. ಎಲ್ಲಿಗೆ ಹೋಗಿ ಬಡಿಯುತ್ತೋ ಅಲ್ಲೇ ಡಬ್ಬಿ."

ವೈರು ಎಳೆಯುವ ಮೊದಲು ಪೈಪಿನಲ್ಲಿ ತೂರಿಸುವ ಆ ಉದ್ದನೆಯ ಉಕ್ಕಿನ ಸ್ಪ್ರಿಂಗು ಟೆಸ್ಟರನ ಚೀಲದಲ್ಲೇ ಇತ್ತು. ಮೇಸ್ತ್ರಿ ಹೇಳಿದ್ದನ್ನು ಮಾಡುವುದೇ? ಮಾನದ ಪ್ರಶ್ನೆ. ಅದಕ್ಕೇ ಮಾನ ಉಳಿಸಿಕೊಳ್ಳಲು ಇನ್ನೂ ಒಂದು ಟೈಲ್ಸು ಒಡೆದ. ಹೆಂಡತಿ ಅದನ್ನು ನೋಡಲಾರದೆ ಮಲಗುವ ಕೋಣೆಗೆ ಹೋಗಿ, ಮಗುಚಿಟ್ಟ ಪೇಂಟಿನ ಡಬ್ಬದ ಮೇಲೆ ಕೂತಳು. ಟೈಲ್ಸ್ ಹೋದದ್ದಕ್ಕಿಂತ, ಸ್ವಂತ ಮನೆಯಲ್ಲೂ ಜಾರು ಹಿಡಿದು ಓಡುವುದು ತಪ್ಪಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಕೊನೆಗೆ ಬೇರೆ ದಾರಿ ಕಾಣದೆ ಟೆಸ್ಟರ್ ಹಜಾರದ ಮೇನ್ ಬೋರ್ಡಿನಿಂದ ಮಿಕ್ಸಿಯ ಪೈಪಿಗೆ ಸ್ಪ್ರಿಂಗು ತೂರಿಸಿದ. ಮೇಸ್ತ್ರಿ ಅಡುಗೆಮನೆಯ ಗೋಡೆಗೆ ಕಿವಿ ಹಚ್ಚಿದ.

"ಕೇಳ್ತಾ?"

"ಇಲ್ಲಣ್ಣ."

"ಈಗ?"

"ಉಹೂಂ. ಗೋಡೆ ಜಪ್ಪಯ್ಯ ಅಂತಿಲ್ಲ."

ಸ್ಪ್ರಿಂಗು ಮಾತ್ರ ಸಲೀಸಾಗಿ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಮಲಗುವ ಕೋಣೆಯಿಂದ ಹೆಂಡತಿಯ ದನಿ ಬಂತು, ತಣ್ಣಗೆ. "ರೀ, ಸ್ವಲ್ಪ ಬನ್ನಿ ಇಲ್ಲಿ. ಗೋಡೆಯೊಳಗಿಂದ ಯಾರೋ ತಟ್ತಿದ್ದಾರೆ."

ಮೇಸ್ತ್ರಿ ಬಂದು ಕರಣೆಯಿಂದ ಗಾರೆ ಕೆರೆದ. ಪೇಪರಿನ ಉಂಡೆ ಉದುರಿತು. ಹಿಂದೆಯೇ ಡಬ್ಬಿಯೊಳಗಿಂದ ಸ್ಪ್ರಿಂಗು ಮೂತಿ ಹೊರಚಾಚಿತು. ಮಂಚದ ತಲೆಕಡೆ ಬರುವ ಜಾಗ. ಸ್ಟೂಲಿಗೆ ಸರಿಯಾದ ಎತ್ತರ. ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ ಎಂದವನು ಆಡಿದ ಮಾತಿಗೆ ತಪ್ಪಿರಲಿಲ್ಲ.

"ಅದು... ಮಿಕ್ಸಿ ಮಿಕ್ಸಿ ಅಂತಿದ್ಯಲ್ಲ... ಕೈ ತಾನಾಗೇ ಇಲ್ಲಿಗೆ ಬಂದ್ಬಿಟ್ಟಿದೆ ಕಣೇ" ಎಂದ ಟೆಸ್ಟರ್.

"ಒಳ್ಳೇದೇ ಆಯ್ತು. ಒಲೇನೂ ಇಲ್ಲಿಗೇ ತಂದುಬಿಡಿ, ನಾನಿಲ್ಲೇ ಅಡುಗೆ ಮಾಡ್ಕೋತೀನಿ. ನೀವು ಅಡುಗೆಮನೇಲಿ ಮಂಚ ಹಾಕ್ಕೊಂಡು ಮಲಗಿ. ಹೇಗೂ ತಲೆ ಚಚ್ಕೊಳ್ಳೋಕೆ ಗೋಡೆ ರೆಡಿ ಮಾಡಿಟ್ಟಿದ್ದೀರಿ."

ಮೇಸ್ತ್ರಿ ಹೆಗಲ ಮೇಲಿನ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಟೆಸ್ಟರ್ ಅವನ ಮುಖ ನೋಡದೆ ಕೈ ಚಾಚಿದ.

"ಏನು ಬೇಕಣ್ಣ?"

"ಸೀಮೆಸುಣ್ಣ."

ಮೇಸ್ತ್ರಿ ಜೇಬಿನಿಂದ ತೆಗೆದು ಕೊಡುವಷ್ಟರಲ್ಲಿ ಹೆಂಡತಿ ಅದನ್ನು ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ಒಲೆಯ ಪಕ್ಕ, ಉಳಿದಿದ್ದ ಟೈಲ್ಸಿನ ಮೇಲೆ ಊಟದ ತಟ್ಟೆಯಷ್ಟು ದೊಡ್ಡದಾಗಿ ಒಂದು ಚೌಕ ಬರೆದು, ಗಂಡನ ಕಡೆ ತಿರುಗಿದಳು.

"ಇಲ್ಲಿ. ತಟ್ಟೋದೇನೂ ಬೇಡ. ಕಣ್ಣು ಬಿಟ್ಕೊಂಡು ಹಾಕಿ."