ಪಿಟೀಲು ಕೇಳಿದ ಮೊಣಕಾಲು

ರಾಗ್ನಿಲ್ಡ್: ಬಗ್ಗಿ ಬೂಟಿನ ಬಕಲ್ ಹಾಕ್ಕೊಳ್ಳೋಕಾಗಲ್ಲ, ತಲೆಗಿಂತ ಎತ್ತರದಲ್ಲಿರೋ ಟೋಪಿ ಒದೀತೀರಾ?

ಹಾಲ್ವರ್: ಬಕಲ್ ಹಾಕ್ಕೊಳ್ಳುವಾಗ ಪಿಟೀಲು ಯಾರು ನುಡಿಸ್ತಾರೆ ಹೇಳು?

ಹೆಂಡತಿ ನೆಲಕ್ಕೆ ಕೂತು ತಾನೇ ಬಕಲ್ ಬಿಗಿದಳು. ಇವತ್ತು ಮೊಮ್ಮಗಳು ಸಿನ್ನೋವೆಯ ಮದುವೆ. ಹಾಲಿಂಗ್‌ದಾಲ್ ಕಣಿವೆಯ ಮದುವೆಯಲ್ಲಿ ಕುಣಿತವಿಲ್ಲದಿದ್ದರೆ ಊಟ ಅರಗುವುದಿಲ್ಲ. ಹೆಂಡತಿ ಕುರ್ಚಿ ಹತ್ತಿ ಕೋಲಿನ ತುದಿಗೆ ಟೋಪಿ ಸಿಕ್ಕಿಸಿ ಹಿಡಿಯಬೇಕು, ಗಂಡ ಕುಣಿಯುತ್ತ ಹಾರಿ ಅದನ್ನು ಒದ್ದು ಕೆಡವಬೇಕು. ಈ ಸಲ ಅಜ್ಜನೇ ಒದೆಯಲಿ ಎಂದು ಮೊಮ್ಮಗಳು ಕೇಳಿದ್ದೇ ತಡ, ಎಪ್ಪತ್ತು ದಾಟಿದ ಹಾಲ್ವರ್ ಹೂಂ ಅಂದುಬಿಟ್ಟಿದ್ದ. ಹೂಂ ಅನ್ನುವ ಮೊದಲು ಮೊಣಕಾಲನ್ನೂ ಒಂದು ಮಾತು ಕೇಳಬಾರದಿತ್ತೇ ಎಂದು ಅಂದಿನಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದ.

ರಾಗ್ನಿಲ್ಡ್: ಬೀಗರ ಮುಂದೆ ಬಿದ್ರೆ ಮಗು ಮುಖ ಎಲ್ಲಿಟ್ಕೋಬೇಕು?

ಹಾಲ್ವರ್: ಪಿಟೀಲು ಶುರುವಾದ್ರೆ ಕೀಲೆಲ್ಲ ಸಡಿಲ ಆಗುತ್ತೆ ಕಣೇ.

ರಾಗ್ನಿಲ್ಡ್: ಹಾಗಾದ್ರೆ ನಾಳೆಯಿಂದ ಸೌದೆ ಒಡೆಯೋವಾಗ ಪಿಟೀಲಿನವನನ್ನ ಕರೆಸ್ತೀನಿ.

ಹಾಲ್ವರ್: ಸೌದೆಗೆ ಆಗೋ ರಾಗ ಇನ್ನೂ ಹುಟ್ಟಿಲ್ಲ.

ರಾಗ್ನಿಲ್ಡ್: ಕೇಳಿ ಇಲ್ಲಿ. ನನ್ನ ಈ ಹಾಳು ಭುಜ ಮೇಲಕ್ಕೆ ಏಳೋದೇ ಇಲ್ಲ, ನಿಮಗೇ ಗೊತ್ತು. ಕೋಲು ಇಳಿಬಿಟ್ಟು ಹಿಡೀತೀನಿ, ಟೋಪಿ ನಿಮ್ಮ ಸೊಂಟದ ಹತ್ರಾನೇ ಇರುತ್ತೆ. ಯಾರಾದ್ರೂ ಕೇಳಿದ್ರೆ ಭುಜನೋವು ಅಂದ್ರಾಯ್ತು.

ಹಾಲ್ವರನ ಕಣ್ಣು ತುಂಬಿ ಬಂತು. ಭುಜನೋವಿನ ಹೆಂಡತಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು ಅಂದುಕೊಂಡ.

ಊಟವಾದ ಮೇಲೆ ಪಿಟೀಲಿನವನಾದ ಓಸ್ಮುಂಡ್ ಪಿಟೀಲು ಎತ್ತಿಕೊಂಡು ಹಿಮ್ಮಡಿ ಕುಟ್ಟುತ್ತ ನುಡಿಸತೊಡಗಿದ. ಹಾಲ್ವರನ ಮೊಣಕಾಲು ನಿಜವಾಗಿಯೂ ಸಡಿಲವಾಯಿತು. ತನ್ನ ಮಾತು ನಿಜವಾದದ್ದಕ್ಕೆ ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಅವನಿಗೇ. ಸುತ್ತು ಹಾಕಿ ಬಂದು, ಸೊಂಟದ ಮಟ್ಟಕ್ಕೆ ಗುರಿಯಿಟ್ಟು ಹಾರಿ ಒದ್ದ. ಅಲ್ಲಿ ಟೋಪಿ ಇರಲಿಲ್ಲ. ತಲೆಯೆತ್ತಿದರೆ ರಾಗ್ನಿಲ್ಡ್ ಕುರ್ಚಿಯ ಮೇಲೆ ತುದಿಗಾಲಲ್ಲಿ ತೂಗುತ್ತ ನಿಂತಿದ್ದಾಳೆ, ನೋವಿನ ಕೈ ಸೂರಿನತ್ತ ಚಾಚಿದೆ, ಟೋಪಿ ತೊಲೆಗೆ ತಾಗಿದೆ. ನೋಡುವಷ್ಟರಲ್ಲಿ ಹಾಲ್ವರ್ ಬೀಗಿತ್ತಿಯ ಕಾಲ ಬುಡದಲ್ಲಿ ಬಿದ್ದಿದ್ದ. ಓಸ್ಮುಂಡ್ ಗಾಬರಿಯಾಗಿ ಪಿಟೀಲು ನಿಲ್ಲಿಸಿದ.

ಹಾಲ್ವರ್: ಕೆಳಗೆ ಹಿಡೀತೀನಿ ಅಂದಿದ್ಯಲ್ಲೇ?

ರಾಗ್ನಿಲ್ಡ್: ನಾನೇನ್ ಮಾಡ್ಲಿ ರೀ, ಪಿಟೀಲು ಕೇಳಿದ್ದೇ ಕೈ ತಾನಾಗೇ ಮೇಲೆ ಹೋಯ್ತು.

ಹಾಲ್ವರ್: ಅಂದ್ರೆ ನಾ ಹೇಳಿದ್ದು ನಿಜ ಅಂತ ಒಪ್ಕೊಂಡೆ.

ರಾಗ್ನಿಲ್ಡ್: ಒಪ್ಕೊಂಡೆ. ಎಲ್ರೂ ನೋಡ್ತಿದ್ದಾರೆ, ಮೊದಲು ಏಳಿ.

ಹಾಲ್ವರ್: ಏಳೋದು ಹೆಂಗೆ? ಅವನು ನುಡಿಸೋದು ನಿಲ್ಲಿಸಿಬಿಟ್ನಲ್ಲ.