ನಲವತ್ತು ದಾಟದ ರೇಸುಗಾರ

ನಮ್ಮ ಮನೆಯವರಂಥ ಮೋಟರ್‌ಸೈಕಲ್ ರೇಸುಗಾರ ನಿಪ್ಪಾಣಿ ಸೀಮೆಯಲ್ಲೇ ಮತ್ತೊಬ್ಬರಿಲ್ಲ. ಅವರನ್ನು ಇದುವರೆಗೆ ಹಿಂದೆ ಹಾಕದ ವಾಹನವೂ ಇಲ್ಲ! ಬಸ್ಸು, ಜೀಪು ಬಿಡಿ, ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಕೂಡ ನಮ್ಮನ್ನು ದಾಟಿ ಹೋಗುತ್ತದೆ. ಒಮ್ಮೆ ಚಿಕ್ಕೋಡಿ ರಸ್ತೆಯಲ್ಲಿ ಹಾಗೆ ದಾಟಿದ ಡ್ರೈವರು ತಿರುಗಿ ನೋಡಿ, "ಕಾಕಾ, ಹಗ್ಗಾ ಕಟ್ಟಿ ಜಗ್ಗಲೇನ್ರಿ?" ಎಂದ.

ಇವರು ಶಾಂತವಾಗಿ, "ಬ್ಯಾಡಪಾ. ನಿನ್ನ ಮುಂದಿನ ಗಾಲಿ ಅಳ್ಳಾಡಾಕತ್ತೈತಿ, ಮೊದಲ ಅದನ್ನ ನೋಡ್ಕೋ" ಎಂದರು.

ಆತ ನಿಲ್ಲಿಸಿ ಇಳಿದು ನೋಡಿದ. ನಿಜಕ್ಕೂ ನಟ್ಟು ಸಡಿಲಾಗಿತ್ತು. ನಾವು ಒಂದು ವಾಹನವನ್ನು ಹಿಂದೆ ಹಾಕಿದ್ದು ಅವತ್ತು ಮಾತ್ರ.

ಅವರ ಕಿವಿಯೇ ಅಂಥದ್ದು. ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಂಗಳಾರತಿಯ ಹೊತ್ತಿಗೆ ಬೀದಿಯಲ್ಲಿ ಯಾವುದೋ ಗಾಡಿ ಹಾದುಹೋಯಿತು. ಇವರ ಕೈಯಲ್ಲಿದ್ದ ಗಂಟೆ ಅರ್ಧಕ್ಕೇ ನಿಂತಿತು. "ಚೈನ್ ಸಡ್ಲ ಆಗೇತಿ" ಎಂದರು. ಪೂಜೆಗೆ ಬಂದಿದ್ದ ಭಟ್ಟರಿಗೆ ಸಿಟ್ಟು ಬಂತು. "ಯಾರದಾರ ಆಗ್ಲೇಳ್ರಿ, ಗಂಟಿ ಬಾರಸ್ರಿ" ಎಂದರು.

"ನಿಮ್ಮ ಮಗಂದರಿ."

ಭಟ್ಟರು ಆರತಿ ಕೆಳಗಿಟ್ಟು ಹೊರಗೆ ಓಡಿದರು.

ಇನ್ನು ಇವರ ಗಾಡಿಯ ಉಪಚಾರ ಕೇಳಬೇಡಿ. ಉಟ್ಟು ಉಟ್ಟು ಮೆತ್ತಗಾಗಿದ್ದ ನನ್ನ ಇಳಕಲ್ ಸೀರೆ ಕಾಣುವುದಿಲ್ಲವೆಂದು ಟ್ರಂಕನ್ನೆಲ್ಲ ತಡಕಾಡಿದೆ. ಅಂಗಳಕ್ಕೆ ಬಂದು ನೋಡಿದರೆ ಗಾಡಿ ಅದನ್ನು ಹೊದ್ದು ನಿಂತಿದೆ!

"ಬಿಸಲಿಗೆ ಅದರ ಬಣ್ಣಾ ಹೋಗತೈತಿ" ಎಂದರು.

"ಮತ್ತ ನಂದು?"

"ನೀ ನೆಳ್ಳಾಗ ಇರ್ತಿಯಲಾ."

ಇಷ್ಟು ಪ್ರೀತಿ ಇದ್ದವರು ಗಂಟೆಗೆ ನಲವತ್ತು ಕಿಲೋಮೀಟರು ದಾಟುವುದಿಲ್ಲ ಯಾಕೆ? ದೇವರ ಮುಂದೆ ಸುಳ್ಳು ಹೇಳಬಾರದು. ಅವರನ್ನು ನಲವತ್ತಕ್ಕೆ ಕಟ್ಟಿಹಾಕಿದವಳು ನಾನೇ.

ಮದುವೆಯಾದ ವರ್ಷ ಅವರು ಕೊಲ್ಲಾಪುರದ ಕಡೆ ಮಣ್ಣಿನ ರೇಸಿಗೆ ಹೋಗಿ ಎರಡನೆಯವರಾಗಿ ಬಂದರು. ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು. ಮುಖ ಮಾತ್ರ ಕೆಂಪು ಧೂಳಿನೊಳಗಿಂದ ನಗುತ್ತಿತ್ತು. "ಮುಂದಿನ ವರ್ಷ ಮೊದಲನೇದ ನಂದ ನೋಡ" ಎಂದರು. ನನಗೆ ಹತ್ತೊಂಬತ್ತು ವರ್ಷ, ಹೊಟ್ಟೆಯಲ್ಲಿ ಮೂರು ತಿಂಗಳು. ದೇವರ ಜಗಲಿಯ ಮೇಲಿನ ಚಿಂಚಲಿ ಮಾಯಕ್ಕದೇವಿಯ ಭಂಡಾರ ತಂದು ಅವರ ಅಂಗೈಗೆ ಸುರಿದೆ.

"ಗಾಡಿ ನಲವತ್ತರ ಮ್ಯಾಲ ಓಡಸಂಗಿಲ್ಲಂತ ಆಣಿ ಮಾಡ್ರಿ."

ನಮ್ಮ ಕಡೆ ಕೋರ್ಟಿನಲ್ಲಿ ಸುಳ್ಳು ಹೇಳಿದವರಿದ್ದಾರೆ, ಭಂಡಾರ ಹಿಡಿದು ಹೇಳಿದವರಿಲ್ಲ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅಂಗೈಯಲ್ಲಿದ್ದ ಅರಿಸಿನ ನೋಡಿದರು. ಆಣೆ ಮಾಡಿದರು. ಆಮೇಲೆ ಇಪ್ಪತ್ತೊಂದು ವರ್ಷ ರೇಸಿನ ಮಾತೇ ಬರಲಿಲ್ಲ. ನಾನೂ ಪ್ರತಿ ಸಂಜೆ ಗಾಡಿಯ ಸದ್ದು ಕೇಳಿದಾಗ, ಅವ್ವಾ, ಇವತ್ತಿನದೊಂದು ಉಪಕಾರವಾಯಿತು ಎಂದು ಎಣಿಸಿಕೊಂಡೆ.

ಹೀಗಿರುವಾಗ ಒಂದು ರವಿವಾರ ಮಧ್ಯಾಹ್ನ ಟಿವಿಯಲ್ಲಿ ಸಿನೆಮಾ ಬಂತು. ಯಾವ ದೇಶದ್ದೋ, ಹಿಂದಿಯಲ್ಲಿ ಮಾತಾಡುತ್ತಿತ್ತು. ಟಪಾಲು ಹಂಚುವ ನರೆತಲೆಯ ಮನುಷ್ಯ, ಹಳೆಯ ಮೋಟರ್‌ಸೈಕಲ್ಲು, ರೇಸಿನ ಹುಚ್ಚು. ನಾನು ಮೆಂತ್ಯದ ಸೊಪ್ಪು ಸೋಸುತ್ತಾ ನೋಡುತ್ತಿದ್ದೆ. ಆ ಮನುಷ್ಯ ರೇಸಿಗೆ ಹೊರಟು ನಿಂತಾಗ ಅವನ ಹೆಂಡತಿ ಏನೂ ಮಾತಾಡದೆ ಬಂದು ಅವನ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಒಳಗೆ ಹೋದಳು. ಅಷ್ಟೇ.

ಇವರು ಏನಾದರೂ ಅನ್ನುತ್ತಾರೇನೋ ಎಂದು ತಿರುಗಿದೆ. ಕುರ್ಚಿಯ ಕೈಯ ಮೇಲಿದ್ದ ಅವರ ಬಲ ಮುಂಗೈ ಮೆಲ್ಲಗೆ ತಿರುಗುತ್ತಿತ್ತು, ಗಾಡಿಗೆ ವೇಗ ಕೊಡುವ ಹಾಗೆ. ಅವರಿಗೇ ಅದು ಗೊತ್ತಿರಲಿಲ್ಲ. ಗಂಡನನ್ನು ಉಳಿಸಿಕೊಡು ಎಂದು ನಾನು ದೇವಿಯನ್ನು ಕೇಳಿದ್ದೆ, ಅವಳು ಉಳಿಸಿಕೊಟ್ಟಳು. ಆ ಧೂಳು ಮುಖದ ಹುಡುಗನನ್ನೂ ಉಳಿಸು ಎಂದು ಕೇಳುವುದನ್ನು ಮರೆತಿದ್ದೆ. ಮೆಂತ್ಯದ ಕಡ್ಡಿ ಇಟ್ಟುಕೊಂಡು ಎಲೆ ಚೆಲ್ಲುತ್ತಿದ್ದೆ.

ಆಣೆಯನ್ನು ಹಾಕಿದವರೇ ಬಿಡಿಸಬೇಕು, ಅದೂ ಆ ದೇವರ ಮುಂದೆಯೇ. ಮುಂದಿನ ಮಂಗಳವಾರ ಗಾಡಿಯ ಮೇಲೆ ಚಿಂಚಲಿಗೆ ಹೋದೆವು, ನಲವತ್ತರಲ್ಲೇ. ಕಾಯಿ ಒಡೆಸಿ, ಅವರ ಅಂಗೈಗೆ ಭಂಡಾರ ಹಾಕಿ ನಾನೇ ಮರಳಿ ತೆಗೆದುಕೊಂಡೆ. "ಅವ್ವಾ, ನಾ ಹಾಕಿದ ಆಣಿ ನಾ ಹಿಂದ ತಗೊಂಡೀನಿ" ಎಂದೆ. ಅವರು ಅರಿಸಿನ ಹತ್ತಿದ ಅಂಗೈಯನ್ನೇ ನೋಡುತ್ತಾ ನಿಂತರು.

ಮರಳುವಾಗ ರಾಯಬಾಗದ ಕಡೆಗೆ ನೆಟ್ಟಗಿನ ರಸ್ತೆ. ಎರಡೂ ಕಡೆ ಕಬ್ಬು. ಗಾಡಿಯ ವೇಗದ ಮುಳ್ಳು ಮತ್ತೆ ನಲವತ್ತರಲ್ಲೇ ನಿಂತಿದೆ.

"ಬಿಡಿಸೀನಲ್ರಿ ಆಣಿ? ಹೋಗ್ರಿ ಜೋರ."

"ಹಿಂದ ನೀ ಅದಿ."

"ನಿಲ್ಲಸ್ರಿ ಹಂಗಾರ." ಇಳಿದೆ. "ಹೋಗಿ ಬರ್ರಿ."

"ಈ ವಯಸ್ಸಿನಾಗ?"

"ಗಾಡಿಗೇನ ಗೊತ್ರಿ ನಿಮ್ಮ ವಯಸ್ಸು?"

ಅವರು ನಗಲಿಲ್ಲ. ಶರ್ಟಿನ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡರು, ಮುಂದಕ್ಕೆ ಬಾಗಿದರು. ನಾನು ಎಂದೂ ಕೇಳದ ಸದ್ದೊಂದು ಎದ್ದಿತು. ಕ್ಷಣದಲ್ಲಿ ಅವರ ಬಿಳಿ ಶರ್ಟು ಚಿಕ್ಕದಾಗಿ, ಕಬ್ಬಿನ ತಿರುವಿನಲ್ಲಿ ಕಾಣದಾಯಿತು. ಪ್ರಸಾದದ ಚೀಲ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತೆ. ಸದ್ದು ಸಣ್ಣಗಾಗುತ್ತಾ ಹೋಯಿತು. ಬೇಗ ಬರಲಿ ಎಂದು ಬೇಡಿಕೊಳ್ಳಲು ಕೈ ಜೋಡಿಸಿದೆ. ಆದರೆ ಇನ್ನೂ ಸ್ವಲ್ಪ ದೂರ ಹೋಗಲಿ ಅನ್ನಿಸಿತು.